ಹದಿನೈದನೆಯ ಕಾರ್ಡು

ಆ ಮಾತು ನನ್ನ ಬಾಯಿಂದ ಯಾವತ್ತೂ ಬರಲ್ಲ ಅಂತ ಅವಳು ಅಕ್ಕನಿಗೆ ಭಾಷೆ ಕೊಟ್ಟು ಮೂವತ್ತೆರಡು ವರ್ಷವಾಯಿತು. ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆಯಲ್ಲಿ, ಚಪ್ಪಲಿ ಗೂಡಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೊಟ್ಟ ಭಾಷೆ. ಆಗ ಅವಳಿಗೆ ಒಂಬತ್ತು, ಅಕ್ಕನಿಗೆ ಹದಿನೇಳು. ಅಕ್ಕ ಅಳುತ್ತಿರಲಿಲ್ಲ. ಚಪ್ಪಲಿಯ ಹಿಮ್ಮಡಿಗೆ ಅಂಟಿದ ಒಣಮಣ್ಣನ್ನು ಉಗುರಿನಿಂದ ಕೆರೆದು ಕೆರೆದು ಉದುರಿಸುತ್ತಿದ್ದಳು, ಆ ಮಣ್ಣು ಎಲ್ಲೆಲ್ಲಿಯದು ಎಂದು ಲೆಕ್ಕ ಹಾಕುವವಳ ಹಾಗೆ. ತಂಗಿಯ ಮುಖ ನೋಡದೆಯೇ, "ಬಂದ್ರೆ?" ಅಂದಳು. ಬರಲ್ಲ ಅಂದಳು ಇವಳು. "ನಾಳೆ ನಿನಗೂ ಒಬ್ಬಳು ಹುಟ್ತಾಳಲ್ಲ, ಆಗ ನೋಡೋಣ," ಅಂದು ಅಕ್ಕ ಚಪ್ಪಲಿಯನ್ನು ಗೂಡಿಗೆ ಹಾಕಿದಳು, ಜೋಡಿಯಾಗಿ, ಒಂದರ ಪಕ್ಕ ಒಂದನ್ನು ಸರಿಮಾಡಿ. ಅಷ್ಟು ಅಚ್ಚುಕಟ್ಟಾಗಿ ಅಕ್ಕ ಚಪ್ಪಲಿ ಬಿಟ್ಟದ್ದು ಅದೇ ಮೊದಲು.

ಇವತ್ತು ಬೆಳಿಗ್ಗೆ ಹತ್ತೂಕಾಲಿಗೆ ಆ ಮಾತು ತನ್ನ ಕಾಲ ಮೇಲೆ ತಾನೇ ನಡೆದು ಬಂದ ಹಾಗೆ ಅವಳ ಮೇಜಿನ ಮೇಲಿತ್ತು. ಹಿಂದಿನದು ಬಿಟ್ಟಿ, ಮುಂದಿನದು ಬಿಡಾರ, ನಡುವೆ ರಬ್ಬರ್ ಬ್ಯಾಂಡು ಸುತ್ತಿದ ಹದಿನಾಲ್ಕು ಕಾರ್ಡು: ಬಿಡಾಡಿ. ನಿಘಂಟಿನ ಕಚೇರಿಯಲ್ಲಿ ಹೆಸರು ಹಿಡಿದು ಕರೆಯುವ ಪದ್ಧತಿ ಯಾವಾಗಲೋ ಬಿದ್ದುಹೋಗಿತ್ತು. ಯಾರ ಪಾಲಿಗೆ ಯಾವ ಅಕ್ಷರವೋ ಅದೇ ಅವರ ಹೆಸರು. ಅವಳು ಬ ಮೇಡಂ. ಎದುರು ಮೇಜಿನವನು ಕ. ಕಿಟಕಿ ಪಕ್ಕ ಕೂತು ದಿನವಿಡೀ ಗಂಟಲು ಸರಿಮಾಡಿಕೊಳ್ಳುವ ಮುದುಕರು ಹ, ಹಾಗಾಗಿ ಅವರಿಗೆ ನಿವೃತ್ತಿಯೇ ಇಲ್ಲವೆಂದು ತಮಾಷೆ, ಅಲ್ಲಿಯವರೆಗೆ ಯಾರೂ ಬಂದು ಮುಟ್ಟುವುದಿಲ್ಲವಲ್ಲ. ಸಂಪಾದಕರಿಗೆ ಮಾತ್ರ ಅಕ್ಷರವಿಲ್ಲ. ಅವರು ಕಟ್ಟಿದ ಒಂದೇ ಒಂದು ಕಟ್ಟಳೆಯ ಮೇಲೆ ಕಚೇರಿಯ ಇಡೀ ಮಹಡಿ ನಿಂತಿದೆ: ಉದಾಹರಣೆಯ ವಾಕ್ಯವನ್ನು ಯಾರೂ ಕಟ್ಟಕೂಡದು. ಅಚ್ಚಾದದ್ದನ್ನು ಕತ್ತರಿಸಿ ಅಂಟಿಸಬಹುದು. ಆಡಿದ್ದಾದರೆ ಕಿವಿಯಾರೆ ಕೇಳಿ, ಕೇಳಿದಂತೆಯೇ ಕಾರ್ಡಿನ ಮೇಲೆ ಇಳಿಸಬೇಕು. ಕೆಳಗೆ ಮೂರು ಗೆರೆ. ಹೇಳಿದವರು, ಹೇಳಿದ್ದು ಯಾರಿಗೆ, ಯಾವತ್ತು. ಹೆಸರು ಬೇಡ, ಸಂಬಂಧವೋ ಕಸುಬೋ ಸಾಕು. "ನಾವು ಹೆಕ್ಕೋರಪ್ಪ, ಹೊಲಿಯೋರಲ್ಲ," ಎನ್ನುವುದು ಅವರ ದಿನನಿತ್ಯದ ಮಂತ್ರ.

ಅವಳು ಹದಿನಾಲ್ಕನ್ನೂ ಹರಡಿದಳು. ಹನ್ನೊಂದು ದನ. ಬಿಡಾಡಿ ದನಗಳ ಹಾವಳಿ, ಬಿಡಾಡಿ ದನಗಳನ್ನು ದೊಡ್ಡಿಗೆ ಸಾಗಿಸಲಾಗುವುದು, ಬಿಡಾಡಿ ದನಕ್ಕೆ ಗುದ್ದಿ ಸವಾರನಿಗೆ ಗಾಯ. ಎರಡು ನಾಯಿ. ಒಂದು ಕುದುರೆ, ಅದು ಎಲ್ಲಿಂದ ಬಂತೋ. ಎಲ್ಲವೂ ಪತ್ರಿಕೆಯದ್ದು, ಕಚೇರಿ ಪ್ರಕಟಣೆಯದ್ದು. ಬಾಯಿಂದ ಬಿದ್ದದ್ದು ಒಂದೂ ಇಲ್ಲ. ಅರ್ಥ ಬರೆಯುವುದು ಕಷ್ಟವಾಗಲಿಲ್ಲ. ಕಟ್ಟದೆ ಬಿಟ್ಟಿರುವ, ಒಡೆಯನ ಹಂಗಿಲ್ಲದೆ ಮನಬಂದಲ್ಲಿ ತಿರುಗುವ. ಅದು ಒಂದನೆಯದು. ಎರಡು ಎಂದು ಅಂಕಿ ಹಾಕಿ, ಮನುಷ್ಯರ ವಿಷಯದಲ್ಲಿ, ಬೈಗುಳವಾಗಿ, ಎಂದು ಬರೆದು ಪೆನ್ನು ನಿಲ್ಲಿಸಿದಳು. ಯಾವ ಮನುಷ್ಯರು? ಸನ್ಯಾಸಿ ತಿರುಗಿದರೆ ಸಂಚಾರ, ಅಧಿಕಾರಿ ತಿರುಗಿದರೆ ಪ್ರವಾಸ, ಸಕ್ಕರೆ ಕಾಯಿಲೆಯವರು ತಿರುಗಿದರೆ ವಾಕಿಂಗು. ಕೆಲಸವಿಲ್ಲದ ಗಂಡುಮಗ ಮೂರು ಹೊತ್ತೂ ಬೀದಿ ಅಳೆದರೆ ಉಂಡಾಡಿ ಗುಂಡ, ಅದನ್ನು ಹೇಳುವಾಗ ಹೇಳುವವರ ತುಟಿ ಅರ್ಧ ನಗುತ್ತದೆ, ಬಡಿಸುವ ಕೈ ಇನ್ನೊಂದು ಸೌಟು ಬಡಿಸುತ್ತದೆ. ಕೈಯಲ್ಲಿ ಚೀಲವಿಲ್ಲದೆ, ಪಕ್ಕದಲ್ಲಿ ಜನವಿಲ್ಲದೆ, ಹೋಗಬೇಕಾದ ಜಾಗವೂ ಇಲ್ಲದೆ ಹೆಣ್ಣೊಬ್ಬಳು ನಡೆದರೆ ಮಾತ್ರ ಈ ಮಾತು. ಇದನ್ನು ನಗುತ್ತಾ ಹೇಳಿದವರನ್ನು ಅವಳು ಕಂಡಿಲ್ಲ.

ಬಾಯಿಂದ ಬಿದ್ದ ವಾಕ್ಯ ಅವಳಲ್ಲಿತ್ತು. ಹೇಳಿದವರು ಯಾರು, ಯಾರಿಗೆ, ಯಾವತ್ತು, ಮೂರೂ ಗೆರೆ ತುಂಬುವಷ್ಟು ಇತ್ತು. ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಅಕ್ಕ ಟೈಪಿಂಗ್ ಕ್ಲಾಸಿನಿಂದ ಇನ್ನೂ ಬಂದಿರಲಿಲ್ಲ, ಅಥವಾ ಕ್ಲಾಸು ಬಿಟ್ಟು ಎರಡು ಗಂಟೆಯಾಗಿತ್ತು. ಒಂಬತ್ತರ ಹುಡುಗಿ ಅಮ್ಮನ ಎದುರು ಕೂತು ಕಾಲುಚೀಲಗಳ ಜೋಡಿ ಹುಡುಕುತ್ತಿದ್ದಳು, ಎಷ್ಟು ಹುಡುಕಿಕೊಟ್ಟರೂ ಅಮ್ಮ ಜಾಣೆ ಅನ್ನಲಿಲ್ಲ. ಹಾಗೆ ಅನ್ನಿಸಿಕೊಳ್ಳಬೇಕೆಂಬ ಆಸೆಗೇ ಬಾಯಿಬಿಟ್ಟಿದ್ದಳು. "ಅಮ್ಮ, ಅಕ್ಕ ನೀರಿನ ಟ್ಯಾಂಕಿನ ಹತ್ರ ನಡೀತಿದ್ಲು. ಒಬ್ಬಳೇ. ನಿನ್ನೆನೂ." ಅಮ್ಮ ಮಡಚುತ್ತಿದ್ದುದನ್ನು ನಿಲ್ಲಿಸಲಿಲ್ಲ. ಅಕ್ಕ ಬಂದಾಗ ದಿಂಬಿನ ಗವಸು ಅಮ್ಮನ ಕೈಯಲ್ಲಿತ್ತು, ಅದರ ನಾಲ್ಕೂ ಮೂಲೆ ಕೂಡಿಸುತ್ತಾ, ದನಿ ಎತ್ತದೆ, ಹೇಳಿದಳು: "ಬಿಡಾಡಿ, ನಿನ್ನ ಕಟ್ಟೋ ಗೂಟ ಇನ್ನೂ ಹುಟ್ಟಿಲ್ಲ ಅಂತ ತಿಳ್ಕೊಂಡಿದ್ದೀಯಾ?" ಏಟಿಲ್ಲ, ಬೀಗವಿಲ್ಲ. ಮಾರನೆಯ ದಿನದಿಂದ ಅಕ್ಕ ಟೈಪಿಂಗಿಗೂ ಹೋಗಲಿಲ್ಲ. ಹೋಗು ಅಂದರೂ ಹೋಗಲಿಲ್ಲ. ಮೂರು ವರ್ಷ ಬಿಟ್ಟು ಒಲೆ ರಿಪೇರಿ ಅಂಗಡಿಯವನ ಜೊತೆ ಮದುವೆಯಾಗಿ, ಇದೇ ಊರಿನಲ್ಲಿ, ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿ, ಅಂಗಡಿಯ ಹಿಂದಿನ ಎರಡು ಕೋಣೆಗೆ ಹೊಕ್ಕವಳು ತರಕಾರಿಗೂ ಹೊರಗೆ ಕಾಲಿಟ್ಟಿಲ್ಲ. ಅಮ್ಮ ಸತ್ತಾಗ ಬಂದಳು, ಆಟೋದಲ್ಲಿ ಬಂದು ಆಟೋದಲ್ಲಿ ಹೋದಳು.

ಆ ವಾಕ್ಯವನ್ನು ಕಾರ್ಡಿನ ಮೇಲೆ ಬರೆಯುವುದು ಬಾಯಿಂದ ಆಡಿದ ಹಾಗೆ ಆಗುತ್ತದೆಯೇ? ಹನ್ನೊಂದೂವರೆಯ ತನಕ ಅವಳು ಇದನ್ನೇ ಯೋಚಿಸಿದಳು. ಕ ಎರಡು ಸಲ ಅವಳ ಮೇಜಿನ ಕಡೆ ಕತ್ತು ಚಾಚಿ, "ಏನ್ ಮೇಡಂ, ಬಿಡಾರ ಬಂದ್ರೂ ಬಿಡಾಡಿ ಬಿಡ್ತಾ ಇಲ್ವಾ?" ಅಂದ. ಅವನ ಕಣ್ಣು ಬ ಮೇಲಿದೆ ಎಂದು ಎಲ್ಲರಿಗೂ ಗೊತ್ತು. ಅವನ ಕ ಮುಗಿದು ಆರು ತಿಂಗಳಾಗಿದೆ, ಬರಿಗೈಯಲ್ಲಿ ಕೂತಿದ್ದಾನೆ. ಆಗ ಅವಳು ಹದಿನೆಂಟು ವರ್ಷದಲ್ಲಿ ಮಾಡದ್ದನ್ನು ಮಾಡಿದಳು. ಖಾಲಿ ಕಾರ್ಡು ತೆಗೆದು ಒಂದು ವಾಕ್ಯ ಹೊಲಿದಳು. ಹೇಳಿದವರು, ಹಣ್ಣು ಮಾರುವವಳು. ಹೇಳಿದ್ದು, ಮಗನಿಗೆ. ಯಾವತ್ತು, ಮೊನ್ನೆ.

ಸಂಪಾದಕರು ಕಾರ್ಡನ್ನು ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು, ಈ ಸಲ ಗಟ್ಟಿಯಾಗಿ, ಇಡೀ ಮಹಡಿಗೆ ಕೇಳುವ ಹಾಗೆ: ಬಿಡಾಡಿಯಂತೆ ಅಲೆಯುವುದನ್ನು ಬಿಟ್ಟು ಒಂದು ಉದ್ಯೋಗವನ್ನು ಹಿಡಿ. "ಈ ಹಣ್ಣಿನವಳು ಎಲ್ಲಿ ಓದಿದ್ದಮ್ಮ? ನಮ್ಮಲ್ಲಿ ಯಾರಿಗೂ ಇಷ್ಟು ಚೆನ್ನಾಗಿ ಬರಲ್ಲವಲ್ಲ." ಕ ಮೊದಲು ನಕ್ಕ, ಆಮೇಲೆ ಉಳಿದವರು, ಹ ನಗಲು ಹೋಗಿ ಕೆಮ್ಮಿದರು. ಅವಳು ಸಂಪಾದಕರ ಮೇಜಿನ ಗಾಜಿನ ಕೆಳಗಿದ್ದ ಹಳೆಯ ಕ್ಯಾಲೆಂಡರನ್ನು ನೋಡುತ್ತಾ ನಿಂತಳು. ಗಾಜಿನಲ್ಲಿ ಅವಳ ಗದ್ದ ಕಾಣಿಸುತ್ತಿತ್ತು, ಅಮ್ಮನದೇ ಗದ್ದ. ಸಂಪಾದಕರು ಬೈಯಲಿಲ್ಲ. ಬೈದಿದ್ದರೆ ಅವಳೂ ಒಳಗೊಳಗೇ ನಾಲ್ಕು ಬೈದು ಸಮ ಮಾಡಿಕೊಳ್ಳುತ್ತಿದ್ದಳು. ಕಾರ್ಡನ್ನು ಎರಡು ತುಂಡು ಮಾಡಿ ಅವಳ ಕೈಗೇ ಕೊಟ್ಟು, ನಾಳೆ ಹತ್ತು ಗಂಟೆಗೆ ಈ ಹಾಳೆ ಅಚ್ಚಿಗೆ ಹೋಗಬೇಕು, ಬಾಯಿಮಾತಿನದು ಒಂದು ತನ್ನಿ, ಸಿಗದಿದ್ದರೆ ಉಳಿದ ಬ ಅವನು ನೋಡಿಕೊಳ್ಳಲಿ, ಎಂದು ಕ ಕೂತ ಕಡೆ ಗದ್ದದಿಂದ ತೋರಿಸಿದರು. ಆಮೇಲೆ, ಸಣ್ಣ ದನಿಯಲ್ಲಿ, ಇದೊಂದೇ ಅವಳಿಗೆ ನಿಜವಾಗಿ ತಾಗಿದ್ದು: "ಇಷ್ಟು ವರ್ಷದ್ದರಲ್ಲಿ ಇನ್ನೆಷ್ಟು ಹೊಲಿದಿದ್ದೀರೋ, ನಾನೆಲ್ಲಿ ಹುಡುಕ್ಲಿ?"

ಊಟದ ಹೊತ್ತಿಗೆ ಎಂದಿನಂತೆ ಅಕ್ಕನ ಫೋನು. ಮದುವೆಯಾದಾಗಿನಿಂದ ಅಕ್ಕ ಕೇಳುವುದು ಒಂದೇ ಪ್ರಶ್ನೆ, ಇವತ್ತು ಯಾವ ದಾರೀಲಿ ಹೋದೆ. ಹೇಗಿದ್ದೀಯಾ ಇಲ್ಲ, ಮಗಳು ಹೇಗಿದ್ದಾಳೆ ಇಲ್ಲ. ತಿರುವು ತಿರುವಾಗಿ ಹೇಳಬೇಕು. ಯಾವ ಗೋಡೆಗೆ ಬಣ್ಣ ಬಿತ್ತು, ಯಾವ ಅಂಗಡಿ ಮುಚ್ಚಿತು, ಅಂಚೆ ಪೆಟ್ಟಿಗೆ ಪಕ್ಕದ ಬೇಲಿ ಹಾಗೇ ಇದೆಯೋ. ಅಕ್ಕ ಹೂಂಗುಟ್ಟುವುದೂ ಇಲ್ಲ, ಉಸಿರು ಮಾತ್ರ ಕೇಳಿಸುತ್ತದೆ. ಇದು ಶಿಕ್ಷೆ ಎಂದು ಅವಳು ಮೊದಲ ವಾರವೇ ತಿಳಿದಿದ್ದಳು, ತನಗೆ ತಕ್ಕದ್ದೇ ಎಂದು ಒಪ್ಪಿಕೊಂಡಿದ್ದಳು. ಆದರೆ ಎಷ್ಟು ದಿನ ಅಂತ ನಡೆಯುವುದು? ಅವಳು ಹೋಗುವುದು ಬಸ್ಸಿನಲ್ಲಿ, ಬರುವುದು ಬಸ್ಸಿನಲ್ಲಿ, ಅದೂ ಜನರ ಕಂಕುಳ ಸಂದಿಯಲ್ಲಿ, ಕಿಟಕಿಯೇ ಕಾಣದೆ. ಹತ್ತು ವರ್ಷದಿಂದ ದಾರಿಗಳನ್ನು ಅವಳೇ ಕಟ್ಟುತ್ತಿದ್ದಳು. ಇಲ್ಲದ ತಿರುವು, ಇಲ್ಲದ ಬೇಲಿ, ಬೇಲಿಯ ಮೇಲೆ ಒಂದು ಬೆಕ್ಕು.

ಇವತ್ತು ಕಟ್ಟಲು ಬರಲಿಲ್ಲ. "ಅಕ್ಕ, ಅಮ್ಮ ಅವತ್ತು ಹೇಳಿದ್ದು ಕಾರ್ಡಿಗೆ ಬರೀಲಾ?" ಎಂದು ಕೇಳಿಯೇಬಿಟ್ಟಳು. ಯಾವತ್ತು, ಏನು ಎಂದು ಅಕ್ಕ ಕೇಳಲಿಲ್ಲ. ಅಂಗಡಿಯ ಕಡೆಯಿಂದ ತಗಡು ಬಡಿಯುವ ಸದ್ದು ಫೋನಿನಲ್ಲಿ ಬರುತ್ತಿತ್ತು, ಆರು ಸಲ, ಏಳು ಸಲ. ಆಮೇಲೆ ಅಕ್ಕ ಹೇಳಿದಳು: "ಬರೆಯೋದಾದ್ರೆ ಪೂರ್ತಿ ಬರಿ. ಅಮ್ಮ ಹೇಳಿದ್ಲು ಅಂತ ಬರಿ, ನನಗೆ ಹೇಳಿದ್ಲು ಅಂತ ಬರಿ. ಅಮ್ಮನಿಗೆ ಬಂದು ಹೇಳಿದ್ದು ಯಾರು ಅಂತನೂ ಬರಿ." ಕಾರ್ಡಿನಲ್ಲಿ ಅದಕ್ಕೆ ಗೆರೆ ಇಲ್ಲ ಅಂದಳು ಇವಳು. ಅದು ಕುಂಟುನೆಪವಲ್ಲ, ನಿಜವಾಗಿಯೂ ಇಲ್ಲ. "ಇಲ್ದೆ ಇದ್ರೆ ಬಿಡು," ಎಂದು ಅಕ್ಕ ಫೋನಿಟ್ಟಳು. ಡಬ್ಬಿಯಲ್ಲಿದ್ದ ಊಟ ಹಾಗೇ ವಾಪಸ್ಸು ಚೀಲಕ್ಕೆ ಹೋಯಿತು.

ಸಂಜೆ ಬಸ್ಸಿನಲ್ಲಿ ಅವಳು ಎಲ್ಲರ ಬಾಯಿಗೂ ಕಿವಿಯೊಡ್ಡಿ ನಿಂತಳು. ಇಂಥ ಭಿಕ್ಷೆ ಅವಳು ಎತ್ತಿದವಳಲ್ಲ. ಯಾರಾದರೂ ಯಾರನ್ನಾದರೂ ಬಿಡಾಡಿ ಎನ್ನಲಿ. ಕಂಡಕ್ಟರ್ ಚಿಲ್ಲರೆ ಇಲ್ಲದವರನ್ನು ಬೈದ, ಅದು ಬೇರೆ ಬೈಗುಳ. ಒಬ್ಬಾಕೆ ಫೋನಿನಲ್ಲಿ ತಮ್ಮನ ಹೆಂಡತಿಯನ್ನು ಎರಡು ನಿಲ್ದಾಣದ ಉದ್ದಕ್ಕೂ ಜಾಡಿಸಿದಳು, ಸೋಂಬೇರಿ, ನಾಟಕದವಳು, ಮನೆಮುರುಕಿ, ಬ ಮೇಡಂ ಕತ್ತು ಮುಂದೆ ಮಾಡಿದಳು, ಆ ಮಾತು ಹತ್ತಿರ ಬಂದಿತ್ತು, ಇನ್ನೊಂದೇ ಬೈಗುಳ, ಆಕೆ ಇಳಿದುಹೋದಳು. ಊರಿಗೆ ಊರೇ ಬೈಯುತ್ತಿದೆ, ತನಗೆ ಬೇಕಾದದ್ದನ್ನು ಮಾತ್ರ ಯಾರೂ ಆಡರು. ಬೇಡದವರ ಬಾಯಲ್ಲಿ ಬೇಡದ ಹೊತ್ತಿನಲ್ಲಿ ಬರುವ ಮಾತು, ಬೇಕೆಂದಾಗ ಬಿಲ ಸೇರುತ್ತದೆ. ಪಕ್ಕದವನ ಮೊಣಕೈ ಅವಳ ಪಕ್ಕೆಗೆ ಒತ್ತುತ್ತಿತ್ತು, ಅವಳು ಚೀಲದ ಮೂಲೆಯನ್ನು ಅವನ ಪಕ್ಕೆಗೆ ಒತ್ತಿದಳು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಎದುರುಮನೆಯಾಕೆ ಮೆಟ್ಟಿಲ ಮೇಲೇ ಸಿಕ್ಕಳು, ಸಿಗಲೆಂದೇ ನಿಂತ ಹಾಗೆ. ನಾನ್ಯಾಕೆ ಹೇಳ್ಬೇಕು, ಆದ್ರೂ ನೀವು ದುಡಿಯೋಕೆ ಹೋಗೋರು, ಗೊತ್ತಾಗಲ್ಲ, ಎಂದು ಶುರುಮಾಡಿ ಹೇಳಿದ್ದಿಷ್ಟು: ಮಗಳು ಇವತ್ತೂ ರೈಲು ಸೇತುವೆ ಮೇಲಿದ್ದಳು. ಜೊತೆಗೆ ಯಾರಿದ್ದರು ಎಂದರೆ ಯಾರೂ ಇಲ್ಲ. ಅದೇ ನೋಡಿ, ಜೊತೆಗೆ ಯಾರಾದ್ರೂ ಇದ್ದಿದ್ರೆ ಒಂದು ಥರ. ಒಬ್ಬಳೇ ಅಂದ್ರೆ ಏನಂತ ತಿಳ್ಕೊಳ್ಳೋದು? ಆಕೆಯ ಕಣ್ಣಿನಲ್ಲಿ ಇದ್ದದ್ದು ಅವಳಿಗೆ ಪರಿಚಯದ್ದು. ಜಾಣೆ ಅನ್ನಿಸಿಕೊಳ್ಳುವ ಆಸೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಬೆಳೆದು, ಸೊಂಟ ದಪ್ಪವಾಗಿ, ಮೆಟ್ಟಿಲ ಮೇಲೆ ನಿಂತಿದ್ದಳು. ಅವಳು ಥ್ಯಾಂಕ್ಸ್ ಹೇಳಿ ಬೀಗ ತೆಗೆದಳು.

ಗಂಡನಿಗೆ ಈ ವಾರ ಎರಡನೆಯ ಪಾಳಿ. ಮನೆಯಲ್ಲಿ ಬೆಳಗಿನ ಲೋಟ ಬೆಳಗಿನ ಜಾಗದಲ್ಲೇ ಇತ್ತು. ಆಲೂಗಡ್ಡೆ ಹೆರೆಯುತ್ತಾ ಕೂತಳು, ಆರೂವರೆ, ಆರು ಮುಕ್ಕಾಲು. ಕಪಾಟಿನ ಮೇಲೆ ಮಗಳ ಶೂ ಡಬ್ಬಿ ಕಾಣುತ್ತಿತ್ತು. ಮಗಳಿಗೆ ಓದು ಬಂದ ವರ್ಷ ಅವಳು ಕಚೇರಿಯಿಂದ ಕಾರ್ಡುಗಳನ್ನು ತಂದುಕೊಟ್ಟಿದ್ದಳು, ಮಗು ಆಟಕ್ಕೆ ಮನೆಯವರ ಮಾತುಗಳನ್ನೆಲ್ಲ ಬರೆದು ಡಬ್ಬಿಗೆ ತುಂಬಿತ್ತು. ಚಳಿ ಆಗ್ತಿದೆ, ಹೇಳಿದವರು ಅಪ್ಪ, ಹೇಳಿದ್ದು ಕಿಟಕಿಗೆ. ಎಷ್ಟು ನಕ್ಕಿದ್ದರು ಅವತ್ತು. ಈಗ ಹದಿನಾರಾಗಿದೆ, ಡಬ್ಬಿ ಯಾರೂ ಮುಟ್ಟುವುದಿಲ್ಲ, ಖಾಲಿ ಕಾರ್ಡುಗಳು ಇನ್ನೂ ಉಳಿದಿರಬೇಕು. ಏನು ಕೇಳಬೇಕೆಂದು ಅವಳು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಮೆತ್ತಗೆ ಕೇಳಬೇಕು. ಕಾಲು ನೋವಾಯ್ತಾ ಎಂದು ಕೇಳಬೇಕು. ಆ ಮಾತು ಗಂಟಲಲ್ಲಿ ಬೆಳಗಿನಿಂದ ಕೂತಿದೆ, ಹುಷಾರು, ಬಾಯಿ ತುಂಬ ನೀರಿಟ್ಟುಕೊಂಡವಳ ಹಾಗೆ ಇರಬೇಕು.

ಏಳು ಗಂಟೆಗೆ ಮಗಳು ಬಂದಳು. ಚಪ್ಪಲಿಯನ್ನು ಒಂದನ್ನು ಅಲ್ಲಿ ಒಂದನ್ನು ಇಲ್ಲಿ ಎಸೆದು, ಕೆನ್ನೆ ಕೆಂಪಾಗಿ, ಹಸಿದು, ಒಂದು ಹೋಳು ಹಸಿ ಆಲೂಗಡ್ಡೆಯನ್ನೇ ಬಾಯಿಗೆ ಹಾಕಿಕೊಂಡಳು. ಅವಳು ಆ ಮುಖವನ್ನೇ ನೋಡಿದಳು. ಅಷ್ಟು ಸುಖ ತನ್ನ ಮುಖದಲ್ಲಿ ಯಾವತ್ತಾದರೂ ಇತ್ತೇ? ಎಲ್ಲಿದ್ದೆ ಎಂದು ಕೇಳಿದಳು, ಮೆತ್ತಗೇ ಕೇಳಿದಳು. ನಡೀತಿದ್ದೆ ಅಂದಳು ಮಗಳು. ಯಾರ ಜೊತೆ? ಯಾರೂ ಇಲ್ಲ. ಯಾಕೆ? ಸುಮ್ನೆ. ಈ ಸುಮ್ನೆಯೂ ಅಕ್ಕನದ್ದೇ, ಹಿಗ್ಗಿಸಿ, ಕೊನೆಯಲ್ಲಿ ಸ್ವಲ್ಪ ಮೇಲೆತ್ತಿ. ಅವಳು ಚಾಕು ಕೆಳಗಿಟ್ಟಳು. ಇನ್ನೂ ಸಮಯವಿತ್ತು, ಕಾಲು ನೋವಾಯ್ತಾ ಎಂದು ಕೇಳಬಹುದಿತ್ತು.

"ಸುಮ್ನೆ ಅಂದ್ರೆ ಪೂರ್ತಿ ಸುಮ್ನೆ ಅಲ್ಲ," ಅಂದಳು ಮಗಳು, ಬಾಯಲ್ಲಿದ್ದುದನ್ನು ಅಗಿಯುತ್ತಾ, ತುಂಟತನದಿಂದಲೇ. "ದೊಡ್ಡಮ್ಮಂಗೆ ಹೇಳೋಕೆ. ಮೂರು ವಾರದಿಂದ ಕ್ಲಾಸು ಮುಗಿಸ್ಕೊಂಡು ಒಂದೊಂದು ದಾರಿ ನೋಡ್ಕೊಂಡು ಹೋಗಿ ಹೇಳ್ತೀನಿ. ನಿನಗೆ ಹೇಳ್ಬೇಡ ಅಂದಿದ್ರು."

"ದಾರಿ ನಾನು ಹೇಳ್ತೀನಲ್ಲ. ದಿನಾ ಹೇಳ್ತೀನಲ್ಲ."

"ಅಯ್ಯೋ ಅಮ್ಮ. ನೀನು ಹೇಳೋದೆಲ್ಲ ಕಟ್ಟಿದ್ದು ಅಂತ ದೊಡ್ಡಮ್ಮಂಗೆ ಯಾವಾಗಲೋ ಗೊತ್ತು. ನಿಮ್ಮಮ್ಮನ ಊರಲ್ಲಿ ಪ್ರತಿ ಬೇಲಿ ಮೇಲೂ ಒಂದು ಬೆಕ್ಕು ಕೂತಿರತ್ತೆ ಅಂತ ನಗ್ತಾರೆ. ಇವತ್ತು ಇಬ್ಬರೂ ಎಷ್ಟು ನಕ್ವಿ ಗೊತ್ತಾ?"

ಅಕ್ಕ ನಗುತ್ತಾಳೆ. ಮೂವತ್ತೆರಡು ವರ್ಷದಲ್ಲಿ ತನ್ನೆದುರು ಒಮ್ಮೆಯೂ ನಗದ ಅಕ್ಕ, ಹತ್ತು ವರ್ಷ ಸುಳ್ಳನ್ನು ಸುಮ್ಮನೆ ಉಸಿರಾಡುತ್ತಾ ಕೇಳಿಸಿಕೊಂಡ ಅಕ್ಕ, ತನ್ನ ಮಗಳ ಜೊತೆ ಕೂತು ನಗುತ್ತಾಳೆ. ಬೆಳಿಗ್ಗೆ ನಕ್ಕದ್ದು ಕಚೇರಿಯ ಮಹಡಿ, ಸಂಜೆ ಅಕ್ಕನ ಎರಡು ಕೋಣೆ. ಹೊಲಿದದ್ದೆಲ್ಲ ಹೊಲಿಗೆ ಬಿಚ್ಚಿ ಅವಳ ಕಾಲಿಗೇ ಸುತ್ತಿಕೊಂಡಿತ್ತು. ನೆಲದ ಮೇಲೆ ಮಗಳ ಚಪ್ಪಲಿ ಒಂದು ಮಗುಚಿ ಬಿದ್ದಿತ್ತು, ಹಿಮ್ಮಡಿಯಲ್ಲಿ ಮಣ್ಣು, ಕೆಂಪು ಒಂದು ಪದರ, ಬೂದು ಒಂದು ಪದರ. ಅವಳು ಕೈಯೊರೆಸಿಕೊಳ್ಳುವ ಬಟ್ಟೆಯನ್ನು ಎತ್ತಿಕೊಂಡು ಮೂಲೆಗೆ ಮೂಲೆ ಕೂಡಿಸಿ ಮಡಚಿದಳು. ದನಿ ಎತ್ತಲಿಲ್ಲ.

"ಬಿಡಾಡಿ, ನಿನ್ನ ಕಟ್ಟೋ ಗೂಟ ಇನ್ನೂ ಹುಟ್ಟಿಲ್ಲ ಅಂತ ತಿಳ್ಕೊಂಡಿದ್ದೀಯಾ?"

ಒಂದಕ್ಷರವೂ ಆಚೀಚೆಯಾಗಲಿಲ್ಲ. ಮೂವತ್ತೆರಡು ವರ್ಷ ಬಾಯೊಳಗೇ ಇಟ್ಟುಕೊಂಡದ್ದು ಸವೆದಿರಲಿಲ್ಲ, ತುಕ್ಕು ಹಿಡಿದಿರಲಿಲ್ಲ. ಹೇಳುವಾಗ ಅವಳಿಗೆ ಹಗುರವೇ ಆಯಿತು, ಅದನ್ನು ಆಮೇಲೆ ಎಷ್ಟು ಸಲ ಅಲ್ಲವೆಂದುಕೊಂಡರೂ ಹಗುರವಾದದ್ದು ನಿಜ. ಮಗಳು ಅಗಿಯುವುದನ್ನು ನಿಲ್ಲಿಸಿದಳು. ಅವಳ ಕೆನ್ನೆಯ ಕೆಂಪು ಒಮ್ಮೆಗೇ ಹೋಗಲಿಲ್ಲ, ಕಿವಿಯ ಕಡೆಯಿಂದ ಮೆಲ್ಲಗೆ ಹೋಯಿತು. ಎದ್ದು ಹೋಗಿ ಮಗುಚಿದ ಚಪ್ಪಲಿಯನ್ನು ತಿರುಗಿಸಿ, ಇನ್ನೊಂದನ್ನು ಹುಡುಕಿ ತಂದು, ಎರಡನ್ನೂ ಗೂಡಿನಲ್ಲಿ ಜೋಡಿಯಾಗಿ ಇಟ್ಟಳು. ಬೇಡ ಎಂದು ಕೂಗಬೇಕೆನಿಸಿತು ಅವಳಿಗೆ, ಎಸೆ, ಮೊದಲಿನ ಹಾಗೆ ಎಸೆ. ಮಗಳು ಕುರ್ಚಿ ಎಳೆದುಕೊಂಡು ಕಪಾಟಿನ ಮೇಲಿನ ಡಬ್ಬಿ ಇಳಿಸಿದಳು, ಅಂಚು ಹಳದಿಯಾಗಿದ್ದ ಒಂದು ಖಾಲಿ ಕಾರ್ಡು ತೆಗೆದಳು, ನಿಂತುಕೊಂಡೇ ಬರೆದಳು. ಬರೆದು, ಆಲೂಗಡ್ಡೆ ಸಿಪ್ಪೆಯ ಪಕ್ಕ ಇಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು, ಸದ್ದಾಗದ ಹಾಗೆ.

ಅವಳು ಕಾರ್ಡನ್ನು ಓದಿದಳು. ಹದಿನೆಂಟು ವರ್ಷದ ಅಭ್ಯಾಸ, ಮೊದಲು ತಪ್ಪು ಹುಡುಕಿದಳು. ಎಡಮೂಲೆಯಲ್ಲಿ ಪದ. ನಡುವೆ ವಾಕ್ಯ, ಆಡಿದಂತೆ. ಹೇಳಿದವರು, ಅಮ್ಮ. ಹೇಳಿದ್ದು, ಮಗಳಿಗೆ. ಬೆಳಿಗ್ಗೆ ಅವಳು ಬರೆಯದೆ ಬಿಟ್ಟ ಕಾರ್ಡಿಗೂ ಇದಕ್ಕೂ ವ್ಯತ್ಯಾಸವಿದ್ದದ್ದು ತಾರೀಖಿನಲ್ಲಿ ಮಾತ್ರ. ಸಿಪ್ಪೆಯ ನೀರು ತಾಗಿ ಒಂದು ಮೂಲೆ ನೆನೆಯುತ್ತಿತ್ತು, ಸೆರಗಿನಿಂದ ಒತ್ತಿ ಒರೆಸಿದಳು. ಬಾಗಿಲ ಹತ್ತಿರ ಹೋಗಿ ಎರಡು ಸಲ ಊಟಕ್ಕೆ ಕರೆದಳು. ಬರ್ತೀನಿ ಎಂದು ಒಳಗಿನಿಂದ ವಿಧೇಯವಾದ ದನಿ ಬಂತು, ಹುಡುಗಿ ಬಂದು ಊಟವನ್ನೂ ಮಾಡಿದಳು, ತಟ್ಟೆಯನ್ನೂ ತೊಳೆದಿಟ್ಟಳು.

ಮರುದಿನ ಹತ್ತಕ್ಕೆ ಐದು ನಿಮಿಷವಿರುವಾಗ ಅವಳು ಆ ಕಾರ್ಡನ್ನು ಸಂಪಾದಕರ ಮೇಜಿನ ಮೇಲಿಟ್ಟಳು. ಅವರು ಓದಿದರು. ಈ ಸಲ ಗಟ್ಟಿಯಾಗಿ ಓದಲಿಲ್ಲ. "ಇದು ಹೆಕ್ಕಿದ್ದು," ಅಂದರು, "ಇದನ್ನು ಯಾರಿಗೂ ಹೊಲಿಯೋಕಾಗಲ್ಲ. ಎಲ್ಲಿ ಸಿಕ್ತು?" ಮನೆ ಹತ್ರ ಅಂದಳು. ಕ ತನ್ನ ಮೇಜಿನಿಂದ ಕತ್ತು ಚಾಚಿ ನೋಡಿ ಹಿಂದಕ್ಕೆಳೆದುಕೊಂಡ. ಬ ಅವಳಲ್ಲೇ ಉಳಿಯಿತು. ಮಧ್ಯಾಹ್ನ ಫೋನು ಬಡಿದುಕೊಂಡಿತು, ಅವಳು ಎತ್ತಲಿಲ್ಲ. ಹಾಳೆ ಅಚ್ಚಿಗೆ ಹೋಯಿತು. ಸಂಜೆ ಮೆಟ್ಟಿಲ ಮೇಲೆ ಎದುರುಮನೆಯಾಕೆ, ಮಗಳು ಇವತ್ತು ನಾಲ್ಕೂವರೆಗೇ ಬಂದುಬಿಟ್ಟಳು ಎಂದು ಹೇಳಿದಳು.

ಅಕ್ಕನಿಗೆ ಕೊಟ್ಟ ಭಾಷೆಯನ್ನು ಅವಳು ಮುರಿದಿದ್ದಳು.